ಚುಕ್ಕೆ ಬೀಳದ ಅಧ್ಯಕ್ಷರು

ಕಚ್ಚಿದವರಿಲ್ಲ, ಕೆಳಕ್ಕೆ ಬೀಳಿಸಿದವರಿಲ್ಲ, ಹುಳ ಹೊಕ್ಕಿದ್ದೂ ಇಲ್ಲ. ಆದರೂ ಪಪ್ಪಾಯಿರಾಯರು ಹೊಟ್ಟೆ ಹಿಡಿದುಕೊಂಡು ಮುಲುಗುತ್ತಿದ್ದರು. ಏನಾಗಿತ್ತು, ಊಹಿಸಿ ನೋಡೋಣ. ಅಜೀರ್ಣ ಎನ್ನುತ್ತೀರೇನೋ. ಊರಿನವರೂ ಮೊದಲು ಹಾಗೆಯೇ ಅಂದುಕೊಂಡರು.

ಅದು ಹಣ್ಣುಗಳ ಊರು. ಅಲ್ಲಿ ಅಧ್ಯಕ್ಷಗಿರಿಗೆ ಇದ್ದದ್ದು ಒಂದೇ ಕಾನೂನು: ಮೈಮೇಲೆ ಮೊದಲ ಕಪ್ಪು ಚುಕ್ಕೆ ಬೀಳುವವರೆಗೆ ಕುರ್ಚಿ, ಬಿದ್ದ ದಿನ ಸನ್ಮಾನ. ಸನ್ಮಾನವೆಂದರೆ ಹಾರ, ಶಾಲು, ಆಮೇಲೆ ಚಾಕು. ಹೋಳುಗಳು ಹಕ್ಕಿಗಳಿಗೆ, ಬೀಜಗಳು ಮಣ್ಣಿಗೆ. ಹಿಂದಿನ ಅಧ್ಯಕ್ಷರೆಲ್ಲ ಹೀಗೆಯೇ ನಿವೃತ್ತರಾಗಿ, ಊರ ಸುತ್ತ ಮರಗಳಾಗಿ ನಿಂತಿದ್ದರು. ಚುಕ್ಕೆ ಹುಡುಕುವ ಕೆಲಸ ತೆಂಗಜ್ಜನದು. ಮೂರು ಕಣ್ಣು, ಗಟ್ಟಿ ತಲೆ. ಲಂಚ ತಳ್ಳೋಣವೆಂದರೆ ಎಲ್ಲೂ ಸಂದಿಯಿಲ್ಲ.

ಪಪ್ಪಾಯಿರಾಯರಿಗೆ ಮರವಾಗುವ ಆಸೆ ಕಿಂಚಿತ್ತೂ ಇರಲಿಲ್ಲ. ಈಗಷ್ಟೇ ಕುರ್ಚಿಗೆ ಹೊಸ ಮೆತ್ತೆ ಹಾಕಿಸಿದ್ದರು. ಎದುರಿಗೇ ಕೂರುತ್ತಿದ್ದ ಉಪಾಧ್ಯಕ್ಷೆ ಸೀತಾಫಲಮ್ಮನವರು ದಿನಾ ಬೆಳಿಗ್ಗೆ, "ರಾಯರೇ, ಕೆನ್ನೆ ಯಾಕೋ ಮೆತ್ತಗಾದ ಹಾಗಿದೆಯಲ್ಲ, ಹುಷಾರಾಗಿದ್ದೀರಿ ತಾನೆ?" ಎಂದು ವಿಚಾರಿಸಿಕೊಳ್ಳುತ್ತಿದ್ದರು. ಆ ಅಕ್ಕರೆಯಿಂದಾಗಿ ರಾಯರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಕೊನೆಗೆ ಲೋಳೆಸರ ಪಂಡಿತನನ್ನು ಕರೆಸಿದರು.

ಪಂಡಿತ ಅಂಟಂಟಾದ ಲೇಪವೊಂದನ್ನು ತಂದ. ತಿಂದರೂ ಅಪಾಯವಿಲ್ಲ, ಬಳಿದದ್ದು ಕಣ್ಣಿಗೂ ಕಾಣದು ಎಂದ. ಹಣ್ಣು ಕೆಡುವುದು ಉಸಿರಾಡಿ ಉಸಿರಾಡಿಯೇ; ಇದನ್ನು ಬಳಿದರೆ ಉಸಿರೂ ನಿಧಾನ, ಮುಪ್ಪೂ ನಿಧಾನ ಎಂದು ವಿವರಿಸಿದ.

"ಉಸಿರು ಕಮ್ಮಿಯಾದರೆ ಭಾಷಣದ ಗತಿ?" ಎಂದರು ರಾಯರು.

"ತಮ್ಮ ಭಾಷಣದಲ್ಲಿ ಜೀವ ಇರಬೇಕು ಅಂತ ಇಷ್ಟು ದಿನ ಯಾರು ಕೇಳಿದ್ದರು ಸ್ವಾಮಿ?"

ಲೇಪ ಬಿತ್ತು. ರಾಯರು ಮದುವೆ ಗಂಡಿನಂತೆ ಹೊಳೆದರು. ತೆಂಗಜ್ಜ ದಿನವೂ ಬಂದು, ಸುತ್ತು ಹಾಕಿ, "ಚುಕ್ಕೆ ಇಲ್ಲ" ಎಂದು ಹೋಗುತ್ತಿದ್ದ. ಕಾದೂ ಕಾದೂ ಸೀತಾಫಲಮ್ಮನವರೇ ಒಂದು ಮಧ್ಯಾಹ್ನ ಬಿರಿದುಬಿಟ್ಟರು. ಅವರಿಗೆ ಶಾಲು ಹೊದಿಸಿದವರು ರಾಯರೇ. ತಾಜಾತನದ ಬಗ್ಗೆ ದೀರ್ಘವಾಗಿ ಮಾತಾಡಿ ಬೀಳ್ಕೊಟ್ಟರು.

ಆದರೆ ಲೇಪ ಕಾದದ್ದು ಮೇಲಿನ ಸಿಪ್ಪೆಯನ್ನು. ಒಳಗಿನ ಬೀಜಗಳಿಗೆ ಈ ಏರ್ಪಾಡನ್ನು ಯಾರೂ ತಿಳಿಸಿರಲಿಲ್ಲ. ಮಣ್ಣು ಸೇರುವ ಸರದಿ ಬರಲೇ ಇಲ್ಲವೆಂದು ಬೇಸತ್ತು ಅವು ಇದ್ದಲ್ಲೇ ಮೊಳೆತವು. ರಾಯರಿಗೆ ಮೊದಲು ಕಚಗುಳಿಯಾಯಿತು, ಆಮೇಲೆ ತಿವಿತ. ಬೇರುಗಳು ತಿರುಳಿಗೆ ಬಾಯಿಟ್ಟು ಹೀರತೊಡಗಿದವು. ಒಂದು ದಿನ ಒಳಗಿನಿಂದಲೇ ದನಿ ಬಂತು: "ಅಪ್ಪಾ, ಸ್ವಲ್ಪ ಸರ್ಕೋ."

ಆಗ ರಾಯರಿಗೆ ಚಾಕುವಿನ ಮೇಲೆ ಎಲ್ಲಿಲ್ಲದ ಪ್ರೀತಿ ಹುಟ್ಟಿತು. ಇಂಚಿಂಚಾಗಿ ಒಳಗಿನಿಂದ ತಿನ್ನಿಸಿಕೊಳ್ಳುವುದಕ್ಕಿಂತ ಒಂದೇ ಏಟಿಗೆ ಹೋಳಾಗುವುದು ಮೇಲೆನಿಸಿತು. ಸಭೆ ಕರೆದು, ತಮ್ಮನ್ನು ಕೂಡಲೇ ನಿವೃತ್ತಿ ಮಾಡಿ ಎಂದು ಬೇಡಿಕೊಂಡರು. ಸಭೆ ಕಾನೂನಿನತ್ತ ಬೆರಳು ತೋರಿಸಿತು, ಕಾನೂನು ತೆಂಗಜ್ಜನತ್ತ.

"ಅಜ್ಜಾ, ಸರಿಯಾಗಿ ನೋಡು. ಬೆನ್ನ ಹಿಂದೆ ನೋಡು, ತೊಟ್ಟಿನ ಹತ್ತಿರ ನೋಡು. ಎಲ್ಲಾದರೂ ಒಂದು ಚುಕ್ಕೆ ಇದ್ದೇ ಇರುತ್ತೆ."

ತೆಂಗಜ್ಜ ಮೂರೂ ಕಣ್ಣು ಕಿರಿದು ಮಾಡಿಕೊಂಡು ಅಡಿಯಿಂದ ಮುಡಿಯವರೆಗೆ ತಡಕಿದ. "ಇಲ್ಲ ರಾಯರೇ. ಲಕಲಕ ಅಂತಿದ್ದೀರಿ."

ಅಧಿಕಾರವನ್ನು ತಾವಾಗಿ ಬಿಡಹೊರಟ ಈ ದೊಡ್ಡತನ ಕಂಡು ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಇಂಥವರನ್ನು ಕಳೆದುಕೊಳ್ಳಬಾರದೆಂದು, ಊರಿನ ಖರ್ಚಿನಲ್ಲಿ ಇನ್ನೊಂದು ಸುತ್ತು ಲೇಪ ಬಳಿಯಲು ಪಂಡಿತನಿಗೆ ಹೇಳಿದರು. ಬೇಡವೆನ್ನಲು ರಾಯರು ಬಾಯಿ ತೆರೆದರು, ಉಸಿರು ಸಾಲಲಿಲ್ಲ. ಮೌನವನ್ನು ಸಭೆಯವರು ಒಪ್ಪಿಗೆ ಎಂದು ಬರೆದುಕೊಂಡರು. ಹೀಗೆ ಪಪ್ಪಾಯಿರಾಯರು ಅವಿರೋಧವಾಗಿ ಆಜೀವ ಅಧ್ಯಕ್ಷರಾದದ್ದು ಆಶ್ವಯುಜ ಶುದ್ಧ ದಶಮಿ, ಮಂಗಳವಾರ.