ಎಡಗಡೆಯ ಮೊದಲ ಕೊಂಬೆ

2017ರ ಏಪ್ರಿಲ್ 6, ಗುರುವಾರ, ಬೆಳಿಗ್ಗೆ ಆರೂ ಇಪ್ಪತ್ತು. ಇತ್ಸುಕೊ ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಗಂಡನ ಮೇಪಲ್ ಮರಕ್ಕೆ ಕೊಂಬೆ ಬಾಗಿಸಲೆಂದು ಸುತ್ತಿದ್ದ ತಂತಿ ಬಿಚ್ಚುತ್ತಿದ್ದಳು. ಮರ ಅಂದರೆ ಮೂವತ್ತೊಂದು ಸೆಂಟಿಮೀಟರಿನ ಬೊನ್ಸಾಯ್. ತಂತಿ ತೊಗಟೆಯೊಳಕ್ಕೆ ಇಳಿದುಬಿಟ್ಟಿತ್ತು. ಹೋದ ಜೂನ್‌ನಲ್ಲಿ ಸುತ್ತಿದ್ದನ್ನು ಎಲೆ ಉದುರುವಾಗಲೇ ತೆಗೆಯಬೇಕಿತ್ತು. ತೆಗೆಯಬೇಕಾದವನು ಆಗ ಆಸ್ಪತ್ರೆಯಲ್ಲಿದ್ದ. ಮೊನ್ನೆ ಅಲ್ಲಿಯೇ ತೀರಿಕೊಂಡ.

ಶವಸಂಸ್ಕಾರದ ಮಂದಿರದವನು ನಿನ್ನೆಯೇ ಸ್ಪಷ್ಟವಾಗಿ ಹೇಳಿದ್ದ. ತೀರಿಕೊಂಡವರಿಗೆ ಇಷ್ಟವಾದದ್ದನ್ನು ಶವಪೆಟ್ಟಿಗೆಯಲ್ಲಿಟ್ಟು ಜೊತೆಗೇ ಸುಡಬಹುದು. ಆದರೆ ಲೋಹ, ಗಾಜು, ಪಿಂಗಾಣಿ ಆಗದು. ಮರವನ್ನೇ ಇಡುವುದಾದರೆ ಕುಂಡದಿಂದ ಕಿತ್ತು, ಮಣ್ಣು ತೊಳೆದು, ತಂತಿ ತೆಗೆದು ಕೊಡಬೇಕು. ಹನ್ನೊಂದು ಗಂಟೆಗೆ ಮುಚ್ಚಳ ಹಾಕುತ್ತಾರೆ.

ಚಟ್ ಎಂದಿತು. ತಂತಿಯ ಜೊತೆಗೆ ಬೆರಳುದ್ದದ ಒಂದು ಕಡ್ಡಿಯೂ ಕೈಗೆ ಬಂತು. ಅದರ ತುದಿಯಲ್ಲಿ ಕೆಂಪು ಮೊಗ್ಗೊಂದು ಅರ್ಧ ಬಿರಿದಿತ್ತು.

"ಥೂ, ಇದರ!" ಎಂದು ಇತ್ಸುಕೊ ಅದನ್ನು ಎಸೆದಳು.

ಮಗಳು ಚಿನಾಮಿ ಬಾಗಿಲಲ್ಲಿ ನಿಂತಿದ್ದಳು. "ಅಮ್ಮ, ಬಿಡಮ್ಮ ಅದನ್ನ. ಜೀವ ಇರೋ ಗಿಡ."

"ಜೀವ ಇದ್ದ ಮನುಷ್ಯನೇ ಹೋಗಿದ್ದಾಯ್ತು. ಇದನ್ನ ಯಾರಿಗೆ ಅಂತ ಬಿಟ್ಟು ಹೋದ್ರು? ನನಗಾ? ಏಳು ವರ್ಷ ಇದರ ಸೇವೆ ಅವರು ಮಾಡಿದ್ರು. ಎಂಟು ತಿಂಗಳಿಂದ ನಾನು ಮಾಡ್ತಿದೀನಿ. ಆಸ್ಪತ್ರೆಗೆ ಹೋದ್ರೆ, ನೀನು ಊಟ ಮಾಡಿದೆಯಾ ಅಂತ ಒಂದು ದಿನಾನೂ ಕೇಳಲಿಲ್ಲ. ನೀರು ಹಾಕಿದೆಯಾ, ಅಷ್ಟೇ. ಅಷ್ಟು ಪ್ರೀತಿ ಇದ್ರೆ ಜೊತೆಗೇ ಕರ್ಕೊಂಡು ಹೋಗಲಿ."

"ತಂತಿ ಬಿಚ್ಚಬಾರದಂತೆ. ತುಂಡು ತುಂಡಾಗಿ ಕತ್ತರಿಸಿ ತೆಗೀಬೇಕಂತೆ. ಅಪ್ಪ ಹೇಳ್ತಿದ್ರು."

"ನಿನಗಾದ್ರೂ ಹೇಳಿದ್ರಲ್ಲ."

ಒಂದು ಕವಲಿಗೆ ಮಾತ್ರ ತಂತಿಯಿರಲಿಲ್ಲ. ಮರದ ಬಲ ಮೇಲ್ಭಾಗದಿಂದ ಹೊರಟು, ಮುರಿದ ಛತ್ರಿಯ ಕಡ್ಡಿಯ ಹಾಗೆ ಬಾಗಿ ಕೆಳಗಿಳಿದು, ಕಾಂಡಕ್ಕೆ ಕೊರೆದ ರಂಧ್ರದೊಳಗೆ ಬಲಗಡೆಯಿಂದ ಹೊಕ್ಕು ಎಡಗಡೆಯಿಂದ ಹೊರಬಂದಿತ್ತು. ಇಡೀ ಮರದಲ್ಲಿ ಅದರಷ್ಟು ಕುರೂಪವಾದದ್ದು ಬೇರೆ ಇರಲಿಲ್ಲ. ಇತ್ಸುಕೊ ಅದನ್ನು ಮುಟ್ಟದೆ ಬಿಟ್ಟಳು.

ಕಪ್ಪು ಕಿಮೊನೊ ಉಡುವ ಹೊತ್ತಾಗಿತ್ತು. ಕುಂಡದಿಂದ ಕೀಳುವ ಕೆಲಸವನ್ನು ಮಂದಿರದಲ್ಲಿಯೇ ಮಾಡಿದರಾಯಿತೆಂದು ಮರವನ್ನು ಸೇಬಿನ ಪೆಟ್ಟಿಗೆಯಲ್ಲಿಟ್ಟು, ಸುತ್ತ ಹಳೆಯ ಪತ್ರಿಕೆ ತುರುಕಿ, ಮಗಳ ಕಾರಿಗೆ ಹಾಕಿದಳು.

*

ಇತ್ಸುಕೊಳ ಗಂಡ ನೆಗಿಶಿ ಯೋಶಿಹಾರು ಕವಾಗುಚಿಯ ಒಂದು ಸ್ಕ್ರೂ ಕಾರ್ಖಾನೆಯ ಅಳತೆ ಕೋಣೆಯಲ್ಲಿ ನಲವತ್ತೊಂದು ವರ್ಷ ದುಡಿದವನು. ನಿವೃತ್ತನಾದ ಮರುವರ್ಷ, 2009ರ ಮೇ ತಿಂಗಳಲ್ಲಿ, ಓಮಿಯಾದ ಬೊನ್ಸಾಯ್ ಸಂತೆಯಿಂದ ಈ ಮೇಪಲ್ಲನ್ನು ತಂದ. ಜೊತೆಗೆ ಒಂದು ಪುಸ್ತಕ ತಂದ. ಅದನ್ನು ಎರಡು ಸಲ, ಅಡಿಗೆರೆ ಎಳೆಯುತ್ತಾ ಓದಿದ.

ಮೇಪಲ್ಲಿನ ಕೊಂಬೆಗಳು ಎದುರುಬದುರಾಗಿ ಜೋಡಿಯಲ್ಲಿ ಹುಟ್ಟುತ್ತವೆ. ಜೋಡಿಯಲ್ಲಿ ಒಂದನ್ನು ತೆಗೆಯಬೇಕು, ಇಲ್ಲದಿದ್ದರೆ ಅಲ್ಲಿ ಕಾಂಡ ಗಂಟುಕಟ್ಟುತ್ತದೆ ಎಂದಿತ್ತು ಪುಸ್ತಕ. ಯಾವುದನ್ನು ಎಂದು ಮುಂದಿನ ಪುಟದಲ್ಲಿತ್ತು. ಯೋಶಿಹಾರು ಪುಟ ತಿರುಗಿಸಲಿಲ್ಲ. ತನ್ನ ವರ್ನಿಯರ್ ಕ್ಯಾಲಿಪರ್ ತೆಗೆದ. ಕೆಳಗಿನ ಜೋಡಿಯಲ್ಲಿ ಬಲಗಡೆಯದು ಎಡಗಡೆಯದಕ್ಕಿಂತ 0.35 ಮಿಲಿಮೀಟರ್ ದಪ್ಪವಿತ್ತು. ತೆಳ್ಳಗಿನದನ್ನು ಬುಡಕ್ಕೆ ಕತ್ತರಿಸಿದ.

ಹೆಮ್ಮೆಯಿಂದ ಮರವನ್ನು ಹಮಾನಾಕಾ ಮೇಷ್ಟ್ರ ತೋಟಕ್ಕೆ ಒಯ್ದ. ಬೊನ್ಸಾಯ್ ಕಲಿಸುವ ಆ ಮುದುಕರು ಕುಂಡವನ್ನು ಒಂದು ಸುತ್ತು ತಿರುಗಿಸಿ ನೋಡಿದರು.

"ಕಾಂಡ ಎಡಕ್ಕೆ ಬಾಗಿದೆ. ಬಾಗಿನ ಹೊರಗಡೆ ಕೊಂಬೆ ಇರಬೇಕು. ಅದೇ ಮರದ ಮೊದಲ ಕೊಂಬೆ, ಅದರಿಂದಲೇ ಮರಕ್ಕೆ ಮುಖ ಬರೋದು. ಎಲ್ಲಿ ಅದು?"

"ಅದು ತೆಳ್ಳಗಿತ್ತು, ಮೇಷ್ಟ್ರೇ."

"ಮರ ಸ್ಕ್ರೂ ಅಲ್ಲ ಕಣಯ್ಯ."

ಕತ್ತರಿಸಿದ ಜಾಗದಲ್ಲಿ ಮತ್ತೆ ಮೊಗ್ಗು ಬಂದೀತೆಂದು ಯೋಶಿಹಾರು ಎರಡು ವರ್ಷ ಕಾದ. ಬರಲಿಲ್ಲ. ಮೂರನೆಯ ವರ್ಷ ಕಾಂಡಕ್ಕೆ ರಂಧ್ರ ಕೊರೆದು, ಅದೇ ಮರದ ಉದ್ದನೆಯ ಎಳೆ ಕವಲನ್ನು ಅದರೊಳಗೆ ತೂರಿಸಿದ. ಅದು ಕಾಂಡಕ್ಕೆ ಹತ್ತಿಕೊಂಡರೆ ಎಡಗಡೆಗೆ ಹೊಸ ಕೊಂಬೆ ಸಿಕ್ಕಂತೆ. ಅದು ಒಣಗಿತು. ಮತ್ತೊಮ್ಮೆ ಮಾಡಿದ.

ಬೇಸಿಗೆಯಲ್ಲಿ ದಿನಕ್ಕೆ ಮೂರು ಸಲ ನೀರು. ಒಂದು ರಾತ್ರಿಯೂ ಅವನು ಮನೆ ಬಿಟ್ಟು ಹೊರಗೆ ಮಲಗಲಿಲ್ಲ. ಇತ್ಸುಕೊ ತವರೂರು ಐಜುವಿನ ಬಿಸಿನೀರಿನ ಬುಗ್ಗೆಗಳಿಗೆ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಬಿಸಿಲು ಬೀಳುವ ಜಾಗ ಮರದ್ದಾಯಿತು. ಬಟ್ಟೆ ಒಣಗಿಸುವ ಗಳು ನೆರಳಿಗೆ ಹೋಯಿತು.

*

ಮಂದಿರದಲ್ಲಿ ಯೋಶಿಹಾರುವಿನ ತಂಗಿ ಕಿನುಯೊ ಎಲ್ಲರಿಗಿಂತ ಮೊದಲೇ ಬಂದು ಹೂವಿನ ಅಲಂಕಾರದಲ್ಲಿ ತಪ್ಪು ಹುಡುಕುತ್ತಿದ್ದಳು. ಸೇಬಿನ ಪೆಟ್ಟಿಗೆ ನೋಡಿ ಹುಬ್ಬೇರಿಸಿದಳು.

"ಏನತ್ತಿಗೆ, ಸೇಬು ಹಂಚ್ತೀರಾ?"

"ನಿಮ್ಮಣ್ಣನ ಮರ. ಅವರ ಪೆಟ್ಟಿಗೇಲಿಡೋಕೆ."

ಕಿನುಯೊ ಪತ್ರಿಕೆ ಸರಿಸಿ ಇಣುಕಿದಳು. "ಅಯ್ಯೋ, ಇದಾ? ಇಷ್ಟು ವರ್ಷ ಮಾಡಿದ್ದು ಇದೇನಾ? ನಾನು ಪ್ರದರ್ಶನಕ್ಕೆ ಇಡೋ ಹಾಗಿರುತ್ತೆ ಅಂದ್ಕೊಂಡಿದ್ದೆ. ಇದ್ಯಾಕೆ ಹೀಗೆ, ಕಿವಿಯೊಳಗೆ ಕಡ್ಡಿ ತೂರಿಸ್ಕೊಂಡ ಹಾಗೆ?"

"ನನ್ನನ್ನ ಕೇಳಿದ್ರೆ?"

"ಚಿಕ್ಕಂದಿನಲ್ಲೂ ಅಣ್ಣ ಹೀಗೇ. ಗಾಳಿಪಟ ಮಾಡೋಕೆ ಕೂತ್ರೆ ಅಳೆದೂ ಅಳೆದೂ ಸಂಜೆ ಆಗೋದು. ಹಾರಿಸೋಷ್ಟರಲ್ಲಿ ಗಾಳೀನೇ ಇರ್ತಿರಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಸುಡೋದೇ ಸರಿ ಬಿಡಿ. ಯಾರಾದ್ರೂ ನೋಡಿದ್ರೆ ಅವನಿಗೇ ಅವಮಾನ."

ಒಂಬತ್ತೂ ಮೂವತ್ತೈದು. ಇತ್ಸುಕೊ ಸೇಬಿನ ಪೆಟ್ಟಿಗೆ ಎತ್ತಿಕೊಂಡು ಹಿಂಬದಿಯ ನಲ್ಲಿಯತ್ತ ನಡೆದಳು. ಕಿಮೊನೊದ ತೋಳು ಮೇಲೆ ಕಟ್ಟಿಕೊಂಡು, ಕುಂಡವನ್ನು ತೊಟ್ಟಿಯಲ್ಲಿಟ್ಟು, ನೀರು ಬಿಟ್ಟಳು.

*

2014ರ ಸೆಪ್ಟೆಂಬರ್. ಐಜುವಿನಿಂದ ಇತ್ಸುಕೊಳ ಅಕ್ಕ ಬರುವವಳಿದ್ದಳು. ಯೋಶಿಹಾರು ರಕ್ತಪರೀಕ್ಷೆಗೆಂದು ಆಸ್ಪತ್ರೆಗೆ ಹೋಗಿದ್ದ. ಇತ್ಸುಕೊ ಹಿತ್ತಲು ಗುಡಿಸಿದಳು, ಕಿಟಕಿ ಒರೆಸಿದಳು. ಏನು ಮಾಡಿದರೂ ಆ ಬಾಗಿದ ಕವಲು ಕಣ್ಣಿಗೆ ಕುಕ್ಕುತ್ತಿತ್ತು. ಅಡುಗೆಮನೆಯ ಕತ್ತರಿ ತಂದು ಎರಡು ಕಡೆ ಕತ್ತರಿಸಿದಳು. ರಂಧ್ರದಲ್ಲಿ ಉಳಿದ ತುಂಡನ್ನೂ ಎಳೆದು ತೆಗೆದಳು. ಸುಲಭವಾಗಿಯೇ ಬಂತು.

ಸಂಜೆ ಅವನು ಬಂದ. ಹಿತ್ತಲಿಗೆ ಹೋದ. ಇತ್ಸುಕೊ ಮೀನು ಸುಡುತ್ತಾ, ಕೂಗು ಯಾವಾಗ ಬೀಳುತ್ತದೋ ಎಂದು ಕಾದಳು. ಉತ್ತರವನ್ನೂ ಸಿದ್ಧಮಾಡಿಕೊಂಡಿದ್ದಳು. ಅವನು ಬಹಳ ಹೊತ್ತು ಅಲ್ಲಿಯೇ ನಿಂತಿದ್ದ.

ಒಳಗೆ ಬಂದು ಕೇಳಿದ, "ಊಟಕ್ಕೇನು?"

"ಸುಟ್ಟ ಮೀನು."

"ಮೂಲಂಗಿ ತುರಿದಿದೀಯಾ?"

"ಹ್ಞೂಂ."

ತಿಂದ. ಒಂದು ಮುಳ್ಳೂ ಮುರಿಯದಂತೆ ಮೀನಿನ ಬೆನ್ನೆಲುಬು ಬಿಡಿಸಿ ತಟ್ಟೆಯಂಚಿಗೆ ಇಟ್ಟ. ಮಲಗಿದ. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಹಿಡಿಯುವವನಿಗೆ ಇದು ಕಾಣಲೇ ಇಲ್ಲವಲ್ಲ, ಎಂಥ ಬೊನ್ಸಾಯ್ ಇದು ಎಂದು ಅವಳಿಗೆ ಇನ್ನಷ್ಟು ರೇಗಿತ್ತು. ಮರುವರ್ಷವಿಡೀ ಅವನು ಮತ್ತೊಂದು ಉದ್ದನೆಯ ಕವಲು ಬೆಳೆಸಿದ. ಅದರ ಮುಂದಿನ ಮಾರ್ಚಿನಲ್ಲಿ ಅದನ್ನೂ ಅದೇ ಹಾಗೆ ರಂಧ್ರದೊಳಗೆ ತೂರಿಸಿದ.

*

"ನೀರು ನಿಲ್ಲಿಸಿ, ನಿಲ್ಲಿಸಿ!"

ಊರುಗೋಲಿನ ಸದ್ದಿನ ಜೊತೆಗೆ ಹಮಾನಾಕಾ ಮೇಷ್ಟ್ರು ಬಂದರು. ಎಂಬತ್ತೈದು ದಾಟಿದವರು. ಹಿಂದೆಯೇ ಕಿನುಯೊ. "ಹೇಳಿದೆ ಮೇಷ್ಟ್ರಿಗೆ, ಸುಡ್ತಾರಂತೆ ಅಂತ," ಎಂದಳು, ತನ್ನದೇನೂ ತಪ್ಪಿಲ್ಲ ಎಂಬ ಹಾಗೆ.

ಇತ್ಸುಕೊ ನಲ್ಲಿ ತಿರುಗಿಸಿದಳು. ಮೇಲಿನ ಮಣ್ಣು ಅರ್ಧ ಹೋಗಿ ಬೇರು ಕಾಣುತ್ತಿತ್ತು.

"ಅವರಿಗೆ ಇಷ್ಟವಾದದ್ದು, ಮೇಷ್ಟ್ರೇ. ನನ್ನ ಕೈಲಿ ಸಾಯೋದಕ್ಕಿಂತ ಅವರ ಜೊತೆ ಹೋಗಲಿ."

"ಇಷ್ಟವಾ? ನೆಗಿಶಿಗಾ?" ಮುದುಕರು ನಕ್ಕರು. "ನನ್ನ ತೋಟಕ್ಕೆ ಬಂದಾಗಲೆಲ್ಲ ಇದನ್ನ ಬೈಯ್ಯೋರು. ಇದನ್ನ ಬಿಸಾಕ್ತೀನಿ, ಇವತ್ತೇ ಬಿಸಾಕ್ತೀನಿ ಅನ್ನೋರು. ಒಂದೇ ಒಂದು ಕೊಂಬೆ ಹಿಂದಕ್ಕೆ ಬರಬೇಕಿತ್ತು ಅವರಿಗೆ, ಅಷ್ಟೇ." ಅವರು ಬಾಗಿ ರಂಧ್ರದ ಹತ್ತಿರ ಕಣ್ಣಿಟ್ಟರು. "ಇದು ಆ ಬೆಕ್ಕಿನ ಘಟನೆ ಆದಮೇಲೆ ತೂರಿಸಿದ್ದಲ್ವಾ?"

"ಯಾವ ಬೆಕ್ಕು?" ಎಂದಳು ಕಿನುಯೊ.

"ನಿಮ್ಮನೇ ಬೆಕ್ಕು. ಮೂರು ವರ್ಷ ಆಗ್ತಾ ಬಂತು. ಹತ್ತಿಕೊಳ್ತಿದ್ದ ಕವಲನ್ನ ಕಡಿದು ಹಾಕಿತ್ತಲ್ಲ. ಮಾರನೇ ದಿನ ಬೆಳಿಗ್ಗೆ ಏಳಕ್ಕೇ ಬಂದುಬಿಟ್ರು. ಅರ್ಧ ಗಂಟೆ ಬೈದ್ರು ನೋಡಿ ಆ ಬೆಕ್ಕನ್ನ! ಅಂಥ ಬೈಗುಳ ನಾನು ಯಾವ ಬೆಕ್ಕಿಗೂ ಕೇಳಿಲ್ಲ. ಹೆಂಗಸರು ಇದೀರಿ, ಹೇಳೋ ಹಾಗಿಲ್ಲ."

"ಅಣ್ಣನ ಮನೇಲಿ ಬೆಕ್ಕಾ? ಬೆಕ್ಕಿನ ಕೂದಲು ತಾಗಿದ್ರೆ ಅವನಿಗೆ ಉಸಿರೇ ಕಟ್ಟೋದಲ್ಲ. ಅತ್ತಿಗೆ, ನೀವು ಯಾವಾಗ ಬೆಕ್ಕು..."

"ಇತ್ತು," ಎಂದಳು ಇತ್ಸುಕೊ. "ಒಂದಿತ್ತು."

ಮೇಷ್ಟ್ರು ಮುಂದುವರಿಸಿದರು. "ಕಟ್ಟಿ ಹಾಕಿ ಅದನ್ನ ಅಂದೆ. ಬೈದು ಬೈದು ಸುಸ್ತಾಗಿ ಕೂತಿದ್ರು. ಅದರ ತಪ್ಪಿಲ್ಲ ಮೇಷ್ಟ್ರೇ, ಇದು ಯಾತಕ್ಕೆ ಅಂತ ನಾನು ಅದಕ್ಕೆ ಹೇಳೇ ಇರಲಿಲ್ಲ ಅಂದ್ರು. ಬೆಕ್ಕಿಗೆ ಯಾರು ಹೇಳ್ತಾರೆ, ಹೇಳಿ?"

ಕಿನುಯೊ ಅತ್ತಿಗೆಯ ಮುಖ ನೋಡಿದಳು.

ತೊಟ್ಟಿಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು. ಇತ್ಸುಕೊ ಕೇಳಿದಳು, "ಈ ಸಲ ಹತ್ತಿಕೊಂಡಿದೆಯಾ?"

"ನನ್ನ ಕಣ್ಣಿಗೆ ಪೊರೆ, ತಾಯಿ. ಅಳೆದು ನೋಡಿ. ಒಳಹೋಗೋ ಕಡೆ, ಹೊರಬರೋ ಕಡೆ, ಎರಡೂ ಒಂದೇ ದಪ್ಪ ಇದ್ರೆ ಇಲ್ಲ. ಹೊರಗಡೆ ದಪ್ಪ ಆಗಿದ್ರೆ ಕಾಂಡದ ರಸ ಕುಡೀತಿದೆ ಅಂತ ಅರ್ಥ. ಆಗ ಈ ಬಾಗಿದ್ದನ್ನ ಕತ್ತರಿಸಬಹುದು." ಅವರು ಜೇಬಿನಿಂದ ಚಿಮಟ ತೆಗೆದರು. "ಸುಡೋದು ಬಿಡೋದು ನಿಮ್ಮಿಷ್ಟ. ಉಳಿಸೋದಾದ್ರೆ ಚಿಗುರು ಚಿವುಟೋದು ಇವತ್ತೇ. ನಾಳೆಗೆ ಉದ್ದ ಚಾಚಿಬಿಡುತ್ತೆ, ಆಮೇಲೆ ವರ್ಷವಿಡೀ ಸಣ್ಣದಾಗಲ್ಲ."

ಒಳಗೆ ಭಿಕ್ಷು ಬಂದರೆಂದು ಯಾರೋ ಕರೆದರು. ಇತ್ಸುಕೊ ಕದಲಲಿಲ್ಲ. "ಹೇಗೆ?"

"ಈ ಎರಡು ಎಲೆ ಬಿಚ್ಚಿಕೊಂಡಿದೆಯಲ್ಲ, ಅದರ ನಡುವೆ ಸೂಜಿಮೊನೆಯಷ್ಟು ಇದೆ ನೋಡಿ. ಅಷ್ಟೇ ಕೀಳೋದು. ಒತ್ತಬಾರದು, ಹಿಡಿದ್ರೆ ಸಾಕು. ತೂರಿಸಿದ ಕವಲನ್ನ ಮಾತ್ರ ಮುಟ್ಟಬೇಡಿ."

ಮೊದಲ ಸಲ ಎರಡು ಎಲೆಗಳೂ ಸೇರಿ ಕಿತ್ತುಬಂದವು. ಎರಡನೆಯ ಸಲವೂ. "ಹಾಳಾದ್ದು!" ಎಂದಳು. "ಅವರೂ ಇದನ್ನೇ ಅನ್ನೋರು," ಎಂದರು ಮೇಷ್ಟ್ರು. ಆರನೆಯದು ಸರಿಯಾಗಿ ಬಂತು. ಭಿಕ್ಷು ಏಳು ನಿಮಿಷ ಕಾಯಬೇಕಾಯಿತು.

ಹನ್ನೊಂದಕ್ಕೆ ಎಲ್ಲರೂ ಪೆಟ್ಟಿಗೆಯಲ್ಲಿ ಹೂವಿಟ್ಟರು. ಚಿನಾಮಿ ಅಪ್ಪನ ಕೆನ್ನೆ ಮುಟ್ಟಿ ಹಿಂದೆ ಸರಿದಳು. ಇತ್ಸುಕೊ ಕಾಗದದ ಪೊಟ್ಟಣ ಬಿಚ್ಚಿ, ಅಕ್ಕಿಕಾಳಿಗಿಂತ ಚಿಕ್ಕದಾದ ಇಪ್ಪತ್ತಮೂರು ಕೆಂಪು ಚಿಗುರುಗಳನ್ನು ಗಂಡನ ಎದೆಯ ಮೇಲೆ ಸುರಿದಳು.

"ಮರ?" ಎಂದು ಮಂದಿರದವನು ಮೆಲ್ಲಗೆ ಕೇಳಿದ.

"ಇಲ್ಲ," ಎಂದಳು.

*

ಒಂದೂವರೆಗೆ ಚಿತಾಗಾರದಲ್ಲಿ ಸುಟ್ಟ ಎಲುಬುಗಳ ತಟ್ಟೆ ಹೊರಗೆ ಬಂತು. ಸಂಪ್ರದಾಯದಂತೆ ಇಬ್ಬಿಬ್ಬರಾಗಿ ಉದ್ದನೆಯ ಜೋಡಿ ಕಡ್ಡಿಗಳಿಂದ ಒಂದೊಂದೇ ಎಲುಬನ್ನು ಎತ್ತಿ, ಪಾದದಿಂದ ಮೇಲಕ್ಕೆ, ಕಲಶದೊಳಗೆ ಇಡಬೇಕು. ಇತ್ಸುಕೊಳಿಗೆ ಜೊತೆಯಾಗಿ ಕಿನುಯೊ ನಿಂತಳು. ಅವಳು ಬಿಗಿಯಾಗಿ ಒತ್ತಿದ್ದಕ್ಕೆ ಕಡ್ಡಿ ಜಾರಿತು.

"ಒತ್ತಬೇಡ," ಎಂದಳು ಇತ್ಸುಕೊ. "ಹಿಡಿದ್ರೆ ಸಾಕು."

ಇಬ್ಬರೂ ಎತ್ತಿದರು. ಕಲಶದೊಳಗೆ ಅದು ಸಣ್ಣಗೆ ಸದ್ದು ಮಾಡಿತು.

"ಅತ್ತಿಗೆ," ಕಿನುಯೊ ಪಿಸುಗುಟ್ಟಿದಳು. "ಆ ಬೆಕ್ಕು..."

"ಸುಮ್ನಿರು, ಕಿನುಯೊ."

*

ಸಂಜೆ ಐದೂ ಹತ್ತಕ್ಕೆ ಹಿತ್ತಲಲ್ಲಿ ಇನ್ನೂ ಬೆಳಕಿತ್ತು. ಕಲಶವನ್ನು ಒಳಗೆ ಬಿಳಿ ಬಟ್ಟೆಯ ಮೇಲಿಟ್ಟು ಚಿನಾಮಿ ಊದುಬತ್ತಿ ಹಚ್ಚುತ್ತಿದ್ದಳು. ಇತ್ಸುಕೊ ಮರವನ್ನು ಅದರ ಜಾಗದಲ್ಲಿಟ್ಟು, ತೊಳೆದುಹೋದ ಕಡೆ ಮಣ್ಣು ತುಂಬಿ, ನೀರು ಹಾಕಿದಳು. ಆಮೇಲೆ ಗಂಡನ ಮೇಜಿನ ಖಾನೆ ಎಳೆದಳು. ಕ್ಯಾಲಿಪರ್ ಎಣ್ಣೆ ಸವರಿದ ಬಟ್ಟೆಯಲ್ಲಿತ್ತು. ಕೆಳಗೆ ಒಂದು ನೋಟುಪುಸ್ತಕ.

2016ರ ಮಾರ್ಚಿನಿಂದ ಪ್ರತಿ ತಿಂಗಳ ಮೊದಲ ಭಾನುವಾರ ಅವನು ಎರಡು ಅಂಕಿ ಬರೆದಿದ್ದ: ಒಳ, ಹೊರ. 2.60, 2.60. 2.75, 2.75. ಒಂದು ಕಡೆ ಎರಡನೆಯ ಅಂಕಿಯ ಮೇಲೆ ಪೆನ್ಸಿಲು ಎಷ್ಟು ಒತ್ತಿತ್ತೆಂದರೆ ಕಾಗದ ತೂತಾಗಿತ್ತು. ಕೊನೆಯದು ಆಗಸ್ಟ್ 7: 3.10, 3.10. ಮುಂದಿನ ಗೆರೆಗಳು ಖಾಲಿ.

ಮದುವೆಗೆ ಮೊದಲು ಎರಡು ವರ್ಷ ಇತ್ಸುಕೊ ಅದೇ ಅಳತೆ ಕೋಣೆಯಲ್ಲಿ ಕೆಲಸ ಮಾಡಿದ್ದಳು. ಪ್ರತಿಯೊಂದನ್ನೂ ಮೂರು ಸಲ ಅಳೆದು ನಡುವಿನದನ್ನು ಬರೆಯಬೇಕೆಂದು ಅವಳಿಗೆ ಕಲಿಸಿದವನು ಅವನೇ. ಅವಳು ಕನ್ನಡಕ ಹಾಕಿಕೊಂಡು ಮರದ ಮುಂದೆ ಮಂಡಿಯೂರಿದಳು. ಬಲಗಡೆ ಮೂರು ಸಲ ಅಳೆದಳು. ಎಡಗಡೆ ಮೂರು ಸಲ ಅಳೆದಳು. ಎಡಗಡೆ ಮತ್ತೆ ಮೂರು ಸಲ ಅಳೆದಳು.

ನೋಟುಪುಸ್ತಕ ಮೊಣಕಾಲ ಮೇಲಿಟ್ಟು, ಅವನ ಗೆರೆಯ ಕೆಳಗಿನ ಗೆರೆಯಲ್ಲಿ ಬರೆದಳು: ಏಪ್ರಿಲ್ 6. ಒಳ 3.30. ಹೊರ 3.85 ಮಿಲಿಮೀಟರ್.