ಕೂತವರ ಬಿಸಿ

ಆಂಬ್ಯುಲೆನ್ಸ್ ಕರೆ ತೆಗೆದುಕೊಳ್ಳುವ ಕೋಣೆಗೆ ಏಸಿ ಹಾಕಿಸುವಾಗ ಬಿಸಿಯ ಲೆಕ್ಕಕ್ಕೆ ಯಂತ್ರಗಳನ್ನೆಲ್ಲ ಎಣಿಸಿದ್ದರು. ಅವುಗಳ ಮುಂದೆ ಕೂರುವ ಹನ್ನೊಂದು ಹೆಂಗಸರನ್ನು ಎಣಿಸಿರಲಿಲ್ಲ. ಎರಡು ಬೇಸಿಗೆ ಅವರು ಅಲ್ಲೇ ಬೆಂದರು.

ಆ ಹೆಂಗಸರಲ್ಲಿ ಏಳು ಮಂದಿ ಪಾಳಿ ಮುಗಿಸಿ, ಕೊರಳಲ್ಲಿನ ಗುರುತಿನ ಚೀಟಿಯನ್ನೂ ತೆಗೆಯದೆ, ಮೂರು ಮಹಡಿ ಹತ್ತಿ ಬಂದರು. ನಡುಮನೆಯಲ್ಲಿ, ಆ ಬೇಗೆ ತಪ್ಪಿಸಿದ್ದ ಏಸಿ ಇಂಜಿನಿಯರನ ದೇಹವನ್ನು ಮಲಗಿಸಿದ್ದರು. ತಲೆಯ ಬಳಿ ಕೂತಿದ್ದ ಅವನ ತಂಗಿ ಎದ್ದು ಜಾಗ ಮಾಡಿಕೊಟ್ಟಳು. ಅಣ್ಣನ ಕಂಪನಿಯಲ್ಲೇ, ಅವನ ಪಕ್ಕದ ಮೇಜಿನಲ್ಲೇ, ಯಾವ ಕೋಣೆಗೆ ಎಷ್ಟು ತಂಪು ಬೇಕೆಂದು ಲೆಕ್ಕ ಹಾಕುವವಳು ಅವಳು.

"ತಂಪಣ್ಣ ಅಂತಿದ್ವಿ ನಾವು," ಎಂದಳು ಹಿರಿಯ ಆಪರೇಟರ್. "ಅವರಿಗೆ ಗೊತ್ತಿತ್ತಾ?"

"ಗೊತ್ತಿತ್ತಕ್ಕಾ. ಮನೇಲಿ ಬೀಗ್ತಿದ್ದ. ಅಪ್ಪ ಇಟ್ಟ ಹೆಸರಿಗಿಂತ ಇದೇ ವಾಸಿ ಅಂತಿದ್ದ."

ಅಳುವಿನ ನಡುವೆ ಯಾರೋ ಕಿಸಕ್ಕನೆ ನಕ್ಕರು.

*

ಯಂತ್ರದ ಬೆನ್ನಿಗೆ ಅಂಟಿಸಿದ ತಗಡಿನಲ್ಲಿರುವ ವಾಟನ್ನು ಬರೆದುಕೊಂಡು ಹೊರಡುವುದು ಎಲ್ಲರ ರೂಢಿ. ಎರಡನೆಯ ಬೇಸಿಗೆಯಲ್ಲಿ ಆ ಕೋಣೆಯ ಲೆಕ್ಕ ಹಾಕಲು ಬಂದಾಗ ಅವನು ಒಂದೊಂದು ತಂತಿಗೂ ಮೀಟರು ಹಿಡಿದ.

"ತಗಡು ಜಂಬ ಕೊಚ್ಚುತ್ತೆ, ಮೀಟರ್ ನಿಜ ಹೇಳುತ್ತೆ," ಎಂದ. ಆಮೇಲೆ ಕುರ್ಚಿ ಎಳೆದುಕೊಂಡು ಇಡೀ ಪಾಳಿ ಅಲ್ಲೇ ಕೂತ.

"ಇನ್ನೇನು ಅಳೀತೀರಿ?" ಹಿರಿಯವಳು ರೇಗಿದಳು.

"ನಿಮ್ಮನ್ನ. ಸುಮ್ನೆ ಕೂತ ಮನುಷ್ಯ ನೂರು ವಾಟಿನ ಬಲ್ಬಿನಷ್ಟು ಬಿಸಿ ಬಿಡ್ತಾನೆ. ಫೋನಲ್ಲಿ ಯಾರದೋ ಜೀವ ಹಿಡ್ಕೊಂಡು ಕೂತವರು ಇನ್ನೂ ಜಾಸ್ತಿ."

ಕಟ್ಟಡದ ಯಜಮಾನ ಒಪ್ಪಲಿಲ್ಲ. ಯಂತ್ರ ಕೆಡದಿದ್ದರೆ ಸಾಕು ಎಂದ. ಆಗಲಿ ಸಾರ್ ಎಂದು ಯಜಮಾನನನ್ನು ಮಟಮಟ ಮಧ್ಯಾಹ್ನ ಅದೇ ಕೋಣೆಯಲ್ಲಿ ಕೂರಿಸಿ, ಹದಿನಾಲ್ಕು ಪುಟದ ವರದಿಯನ್ನು ಸಾಲು ಸಾಲಾಗಿ, ಅವಸರವಿಲ್ಲದೆ ಓದಿ ಹೇಳಿದ. ಒಂಬತ್ತನೆಯ ಪುಟಕ್ಕೆ ಯಜಮಾನ ಕಾಲರ್ ಸಡಿಲಿಸಿ ಪೆನ್ನು ಕೇಳಿದ.

*

"ದೊಡ್ಡ ಏಸಿ ಬಂದ ವಾರ," ಹಿರಿಯವಳು ಮಲಗಿದವನ ಮುಖ ನೋಡುತ್ತ ಹೇಳಿದಳು, "ಒಬ್ಬ ತಾಯಿ ಫೋನ್ ಮಾಡಿದ್ಲು. ಮಗು ಉಸಿರಾಡ್ತಿಲ್ಲ ಅಂತ. ಹೀಗೆ ಒತ್ತು, ಹೀಗೆ ಊದು ಅಂತ ಹನ್ನೆರಡು ನಿಮಿಷ ಹೇಳ್ಕೊಟ್ಟೆ. ಮೊದಲಿನ ಹಾಗೆ ಸೆಕೆಗೆ ತಲೆ ಸುತ್ತಲಿಲ್ಲ ನಂಗೆ. ಮಗು ಅತ್ತಿದ್ದು ಕೇಳಿಸ್ತು. ಇದನ್ನ ಇವರಿಗೆ ಹೇಳ್ಬೇಕಿತ್ತು. ಇವತ್ತು ನಾಳೆ ಅಂತ ಉಳಿದೇ ಹೋಯ್ತು."

ತಂಗಿ ಅವಳ ಕೈ ಹಿಡಿದುಕೊಂಡಳು. ಅಷ್ಟರಲ್ಲಿ ಕಂಪನಿಯ ಮ್ಯಾನೇಜರ್ ಬಂದು ತಲೆಬಾಗಿ ನಿಂತ. ಆಮೇಲೆ ತಂಗಿಯನ್ನು ಬಾಗಿಲಾಚೆಯ ಓಣಿಗೆ ಕರೆದ.

"ಹೊತ್ತಲ್ಲದ ಹೊತ್ತು, ಗೊತ್ತಮ್ಮ. ಹೊಸ ಕಾಲ್ ಸೆಂಟರಿನ ಲೆಕ್ಕ, ನಿಮ್ಮಣ್ಣ ಮುಗಿಸಿಟ್ಟಿದ್ದು. ಗಿರಾಕಿ ಚಿಕ್ಕ ಏಸಿ ಸಾಕು ಅಂತಾರೆ. ಲೆಕ್ಕದಿಂದ ಜನರ ಬಿಸಿ ಬರೆದ ಸಾಲೊಂದು ತೆಗೆದಿದ್ದೀನಿ. ನೀನು ಸಹಿ ಹಾಕಿದ್ರೆ ಮುಗೀತು."

"ಎಷ್ಟು ಜನ ಸಾರ್?"

"ಮೂವತ್ತು. ಯಂತ್ರಕ್ಕೇನೂ ಆಗಲ್ಲ."

"ಮೂವತ್ತು ಜನಕ್ಕೆ?"

"ವಾದ ಬೇಡಮ್ಮ. ಅಣ್ಣನ ಹುದ್ದೆ ನಿನಗೇ ಅಂತಿದ್ದೀನಿ. ಆಗಲ್ಲ ಅಂದ್ರೆ ಸೋಮವಾರದಿಂದ ಬರಬೇಡ."

"ಹಾಕಲ್ಲ ಸಾರ್."

ಕೆಳಗೆ ಶವ ಒಯ್ಯುವ ವ್ಯಾನು ಬಂದು ನಿಂತಿತು. ಒಳಗೆ ಏಳು ಮಂದಿಯೂ ಆಗಲೇ ಸ್ಟ್ರೆಚರಿಗೆ ಕೈ ಹಾಕಿದ್ದರು. ಅವಳು ಹೋಗಿ ತಲೆಯ ಕಡೆ ಹಿಡಿದಳು. ಇಕ್ಕಟ್ಟಾದ ಓಣಿ. ಮ್ಯಾನೇಜರ್ ಹಿಂದೆ ಸರಿದ, ಇನ್ನೂ ಸರಿದ. ಕೊನೆಗೆ ಹಾಳೆಯನ್ನೂ ಮುಚ್ಚಳ ತೆಗೆದ ಪೆನ್ನನ್ನೂ ತಲೆಯ ಮೇಲಕ್ಕೆತ್ತಿ ಹಿಡಿದು, ಅವರೆಲ್ಲ ದಾಟುವವರೆಗೂ ಗೋಡೆಗೆ ಅಂಟಿಕೊಂಡು ನಿಂತ.