ಮುಚ್ಚಳದೊಳಗಿನ ಕಪ್ಪು ವೈರು

ಎವಾರಿಸ್ತೊನ ಕೈಗೆ ಒಂದು ಚಾಳಿಯಿತ್ತು. ಯಾವ ಬೇಸ್ ಗಿಟಾರು ಬರಲಿ, ಬೆನ್ನಿನ ಮುಚ್ಚಳ ಹಾಕುವ ಮೊದಲು ಕಪ್ಪು ವೈರೊಂದನ್ನು ತಂತಿಗಳ ಬುಡದಲ್ಲಿರುವ ಬ್ರಿಡ್ಜಿಗೆ ಬೆಸೆಯದೆ ಅದು ಸುಮ್ಮನಿರುತ್ತಿರಲಿಲ್ಲ. ಆ ವೈರಿಲ್ಲದಿದ್ದರೆ ಗಿಟಾರು ಇಡೀ ಹಾಡಿನುದ್ದಕ್ಕೂ ಗುಂಯ್ ಎನ್ನುತ್ತಿರುತ್ತದೆ. ಮೋಕಾ ಊರಿನಲ್ಲಿ ನಲವತ್ತು ವರ್ಷ ಗಿಟಾರು ರಿಪೇರಿ ಮಾಡಿದವನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಸಲ ಮಾತ್ರ ಮಗಳು ಯಾನಿರಾ ಹೇಳಿಕೊಟ್ಟಿದ್ದಳು. ತಂತಿಯ ನಾದ ಹಿಡಿಯುವ ಪಿಕಪ್ಪುಗಳನ್ನು ತನ್ನ ಗಿಟಾರಿಗೆ ಹೊಸದಾಗಿ ಹಾಕಿಸುತ್ತಿದ್ದಳು.

"ಅಪ್ಪಾ, ಈ ಹೊಸ ಪಿಕಪ್ಪುಗಳು ಬ್ಯಾಟರಿ ಮೇಲೆ ನಡೆಯೋವು. ಇವಕ್ಕೆ ಬ್ರಿಡ್ಜಿನ ವೈರು ಬೇಡ. ಹಳೇದನ್ನ ಕಿತ್ತು ಹಾಕು. ಮರೀಬೇಡ ಮತ್ತೆ."

"ನಿನ್ನ ತೊಟ್ಟಿಲು ತೂಗ್ತಾನೇ ಬೆಸುಗೆ ಹಾಕಿದೋನು ಕಣೇ ನಾನು. ಮೊಮ್ಮಗಳು ಅಜ್ಜಿಗೆ ಕೆಮ್ಮು ಕಲಿಸಿದ್ಳಂತೆ!"

"ಕೆಮ್ಮು ನಿಂಗೆ ಚೆನ್ನಾಗೇ ಬರತ್ತೆ. ವೈರು ಕೀಳು ಅಷ್ಟೆ."

ನಗುವಾಗಲೂ ಅವಳ ಕೆಳತುಟಿಯ ಮೇಲಿನ ಕಪ್ಪು ಕಲೆ ಎದ್ದು ಕಾಣುತ್ತಿತ್ತು. ಯಾನಿರಾ, ಕುಣಿತಕ್ಕೆ ಮೆರೆಂಗೆ ಹಾಡುವ ತಿಬುರ್ಸಿಯೊನ ಮೇಳದಲ್ಲಿ ಬೇಸ್ ನುಡಿಸುತ್ತ ಪಲ್ಲವಿಗೆ ದನಿಗೂಡಿಸುವವಳು. ಮೂರು ವಾರದ ಹಿಂದೆ, ಬೆರಳು ತಂತಿಯ ಮೇಲಿರುವಾಗಲೇ ತುಟಿ ಮೈಕಿಗೆ ತಗುಲಿ, ಶಾಕ್ ಹೊಡೆದು ಹಿಂದಕ್ಕೆ ಬಿದ್ದಿದ್ದಳು. ಕಾರಣ ಮೇಳದವರಿಗೆಲ್ಲ ಗೊತ್ತಿದ್ದದ್ದೇ. ಸ್ಪೀಕರಿನ ಪ್ಲಗ್ಗಿಗೆ ಮೂರು ಕಡ್ಡಿ, ಕುಣಿತದ ಜಾಗಗಳ ಗೋಡೆಯಲ್ಲಿ ಎರಡೇ ತೂತು. ಮೂರನೆಯದನ್ನು ಇಕ್ಕಳದಿಂದ ಮುರಿದುಬಿಟ್ಟರೆ ಆಯಿತು! ಆಮೇಲೆ ಸೋರಿದ ಕರೆಂಟಿಗೆ ನೆಲ ಸೇರುವ ದಾರಿಯಿರುವುದಿಲ್ಲ. ಅದು ಆ ಕಪ್ಪು ವೈರಿನ ಮೂಲಕ ಗಿಟಾರಿನ ತಂತಿಗೆ ಹತ್ತಿ, ಯಾರಾದರೂ ಮೈಕು ಮುಟ್ಟಲಿ ಎಂದು ಕಾದು ಕೂರುತ್ತದೆ. ಮಗಳ ಸ್ಪೀಕರಿನ ಆ ಮೂರನೆಯ ಕಡ್ಡಿಯನ್ನು ಮುರಿದುಕೊಟ್ಟವನು ಸ್ವತಃ ಎವಾರಿಸ್ತೊ.

ಹೆಂಡತಿ ದಮಾರಿಸ್ ಇದ್ದಿದ್ದರೆ ಇಕ್ಕಳ ಕಸಿದುಕೊಳ್ಳುತ್ತಿದ್ದಳು. ಮೂವತ್ತು ವರ್ಷ ಅದೇ ಮೇಜಿನ ಆಚೆ ತುದಿಯಲ್ಲಿ ಕೂತು ಪಿಕಪ್ಪುಗಳಿಗೆ ಕೂದಲೆಳೆಯಂಥ ತಾಮ್ರ ಸುತ್ತಿದವಳು ಅವಳು. ರಿಪೇರಿಯಾದ ಗಿಟಾರನ್ನು ಗಿರಾಕಿಗೆ ಕೊಡುವ ಮೊದಲು ಒಳಗಿನ ಕೋಣೆಗೆ ಒಯ್ದು, ಬಟ್ಟೆಯಿಂದ ಒರೆಸಿ ತರುವುದೂ ಅವಳದೇ ಕೆಲಸ. ಅರ್ಧ ಗಂಟೆ ಒರೆಸುತ್ತಿದ್ದಳು. "ಗಿಟಾರು ಒರೆಸ್ತಿದೀಯೋ, ಕೂಸಿಗೆ ಎಣ್ಣೆ ನೀರು ಹಾಕ್ತಿದೀಯೋ?" ಎಂದು ಇವನು ಹೊರಗಿನಿಂದ ರೇಗುತ್ತಿದ್ದ. ಅವಳು ಹೋಗಿ ಎರಡು ವರ್ಷವಾಯಿತು.

ಭಾನುವಾರ ಬೆಳಿಗ್ಗೆ ಯಾನಿರಾ ಗಿಟಾರು ಹೊತ್ತು ಮೇಳದ ವ್ಯಾನು ಹತ್ತಿದಳು. ಊಟವಾದ ಮೇಲೆ ಎವಾರಿಸ್ತೊ ಮೇಜು ಚೊಕ್ಕ ಮಾಡಲು ಕೂತ. ಕಿತ್ತು ತೆಗೆದ ಹಳೆಯ ಪಿಕಪ್ಪು ಎರಡು ಅಲ್ಲೇ ಇದ್ದವು. ಹಳೆಯ ತಿರುಪುಗಳಿದ್ದವು, ತುಕ್ಕು ಹಿಡಿದ ಸಾಕೆಟ್ಟಿತ್ತು, ಬ್ಯಾಟರಿಗೆ ಜಾಗ ಮಾಡಲು ಕೆತ್ತಿದ ಮರದ ಪುಡಿಯಿತ್ತು. ಕಪ್ಪು ವೈರು ಮಾತ್ರ ಇರಲಿಲ್ಲ.

ಮೇಜಿನ ಕೆಳಗೆ ಬಗ್ಗಿ ನೋಡಿದ. ಕಸದ ಡಬ್ಬಿ ಸುರಿದು ಕೆದಕಿದ. ಕಿತ್ತಿದ್ದರೆ ಎಲ್ಲಿಗೆ ಹೋದೀತು? ಆಗ ನಿನ್ನೆ ಸಂಜೆಯದು ನೆನಪಾಯಿತು. ಪಕ್ಕದ ಅಂಗಡಿಯ ರೇಡಿಯೊದಲ್ಲಿ ಬೇಸ್‌ಬಾಲ್ ಆಟದ ಕೊನೆಯ ಸುತ್ತು ನಡೆಯುತ್ತಿತ್ತು, ಕಿವಿ ಅತ್ತ ಇತ್ತು. ಮುಚ್ಚಳ ಹಾಕುವ ಮುಂಚೆ ಮೂಗಿಗೆ ಬೆಸುಗೆಯ ಹೊಗೆ ಬಡಿದಿತ್ತು. ಆ ಹೊತ್ತಿಗೆ ಬೆಸೆಯುವುದೇನೂ ಉಳಿದಿರಲಿಲ್ಲವಲ್ಲ!

ಕೈ ಹಳೆಯ ಚಾಳಿಯಂತೆ ಆ ವೈರನ್ನೇ ಮತ್ತೆ ಬೆಸೆದಿರಬೇಕು. ಮಗಳಿಗೆ ಫೋನು ಮಾಡಿದ; ಎತ್ತಲಿಲ್ಲ. ಮತ್ತೆ ಮಾಡಿದ. ಇವತ್ತಿನ ಕುಣಿತ ಎಲ್ಲೆಂದು ನೆನಪಾದದ್ದೇ ಬೀದಿಗೆ ಓಡಿದ. ಹೆದ್ದಾರಿ ಪಕ್ಕದ ಕಾರ್ ವಾಶ್‌ನಲ್ಲಿ. ಅಲ್ಲಿ ಒಂದು ಕಡೆ ಕಾರಿಗೆ ನೀರು ಹೊಡೆಯುತ್ತಾರೆ, ಇನ್ನೊಂದು ಕಡೆ ಬಿಯರು ಹಿಡಿದು ಅದೇ ನೀರಿನಲ್ಲಿ ಕುಣಿಯುತ್ತಾರೆ.

ಮೂಲೆಯಲ್ಲಿ ಬಾಡಿಗೆ ಬೈಕಿನ ಚೆಲೊ ಮಾವಿನಹಣ್ಣು ಚೀಪುತ್ತ ನಿಂತಿದ್ದ.

"ಏನ್ ಮೇಸ್ತ್ರಿ, ಈ ವಯಸ್ಸಲ್ಲಿ ಯಾವಳ ಹಿಂದೆ ಓಟ?"

"ಬಾಯಿ ಮುಚ್ಕೊಂಡು ಓಡ್ಸೋ. ನನ್ನ ಮಗಳು ಸಾಯ್ತಾಳೆ!"

ಚೆಲೊ ಹಣ್ಣು ಬಿಸಾಕಿದ. ಎವಾರಿಸ್ತೊನನ್ನು ಹಿಂದೆ ಕೂರಿಸಿಕೊಂಡು ಹೆದ್ದಾರಿಗೆ ಬೈಕು ನುಗ್ಗಿಸಿದ.

ಇವರು ತಲುಪುವಾಗ ಮೊದಲ ಹಾಡು ಆಗಷ್ಟೇ ಶುರುವಾಗಿತ್ತು. ತಿಬುರ್ಸಿಯೊ ಕಣ್ಣು ಮುಚ್ಚಿ ಅಕಾರ್ಡಿಯನ್ ಎಳೆಯುತ್ತಿದ್ದ. ಯಾನಿರಾಳ ಚಪ್ಪಲಿಯ ಕೆಳಗೆ ಸೋಪಿನ ನೀರು ಹರಿಯುತ್ತಿತ್ತು. ಪಲ್ಲವಿ ಹತ್ತಿರ ಬಂತು, ಅವಳು ಮೈಕಿನತ್ತ ಬಾಗಿದಳು. "ಮುಟ್ಬೇಡಾ!" ಎಂದು ಎವಾರಿಸ್ತೊ ಕೂಗಿದ. ಡೋಲಿನ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಜನರನ್ನು ತಳ್ಳಿಕೊಂಡು ಮೇಳದ ಹಿಂದಕ್ಕೆ ನುಗ್ಗಿ, ಗೋಡೆಯಲ್ಲಿದ್ದ ಪ್ಲಗ್ಗುಗಳನ್ನೆಲ್ಲ ಬಾಚಿ ಕಿತ್ತ.

ಹಾಡು ಅರ್ಧಕ್ಕೆ ಸತ್ತಿತು. ಜನ ಸಿಳ್ಳೆ ಹಾಕಿದರು, ಯಾರೋ ಬಿಯರಿನ ಡಬ್ಬಿ ಎಸೆದರು.

"ಮೇಸ್ತ್ರೀ! ತಲೆ ಗಿಲೆ ಕೆಟ್ಟಿದ್ಯಾ?" ತಿಬುರ್ಸಿಯೊ ಕಿರುಚಿದ.

ಎವಾರಿಸ್ತೊ ಪ್ಲಗ್ಗು ಹಿಡಿದುಕೊಂಡೇ ಮಗಳತ್ತ ತಿರುಗಿದ. ಎದುರಿಗಿದ್ದವರಲ್ಲಿ ಅರ್ಧದಷ್ಟು ಜನ ಅವನ ಗಿರಾಕಿಗಳೇ. ಅವರೆಲ್ಲರ ಮುಂದೆ ಹೇಳಲೇಬೇಕಾಗಿತ್ತು.

"ವೈರು... ವೈರು ಬೆಸೆದುಬಿಟ್ಟೆ ಕಣೇ. ಬೇಡ ಅಂದಿದ್ದೆ ನೀನು. ನನ್ನ ಕೈ ಬೆಸೆದುಬಿಡ್ತು. ಮೈಕ್ ಮುಟ್ಬೇಡ ಮಗಳೇ."

ಯಾನಿರಾ ಗಿಟಾರಿನ ಕಡೆ ನೋಡಲೂ ಇಲ್ಲ. ಜೀನ್ಸಿನ ಜೇಬಿಗೆ ಕೈ ಹಾಕಿ ಗೇಣುದ್ದದ ಕಪ್ಪು ವೈರು ತೆಗೆದಳು. ತುದಿಯಲ್ಲಿ ಹೊಸ ಬೆಸುಗೆ ಫಳಫಳ ಅನ್ನುತ್ತಿತ್ತು.

"ಗೊತ್ತು. ಬೆಳಿಗ್ಗೆ ವ್ಯಾನಲ್ಲೇ ಬಿಚ್ಚಿ ತೆಗೆದೆ."

ಎವಾರಿಸ್ತೊ ಅಲ್ಲೇ ಇದ್ದ ಬಿಯರಿನ ಕ್ರೇಟಿನ ಮೇಲೆ ಕುಸಿದು ಕೂತ. ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು, ಒರೆಸಿಕೊಳ್ಳುವ ಮನಸ್ಸೂ ಆಗಲಿಲ್ಲ. ಸಮಾಧಾನ ಎದೆ ತುಂಬಿತು. ಅದರ ಹಿಂದೆಯೇ ಮುಳ್ಳೊಂದು ಚುಚ್ಚಿತು.

"ನಾನ್ ಮಾಡಿದ ಕೆಲಸಾನ ಬಿಚ್ಚಿ ನೋಡಿದ್ಯಾ?"

ಯಾನಿರಾ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಳು. ದನಿ ತಗ್ಗಿಸಿದಳು.

"ಎಲ್ಲದನ್ನೂ ನೋಡ್ತೀನಪ್ಪ. ಅಂಗಡಿಯಿಂದ ಹೊರಗೆ ಹೋಗೋ ಪ್ರತಿಯೊಂದನ್ನೂ. ಎರಡು ವರ್ಷದಿಂದ."

"ಯಾರು ಹೇಳಿದ್ದು ನೋಡು ಅಂತ?"

"ಅಮ್ಮ. ಆಸ್ಪತ್ರೇಲಿದ್ದಾಗ. ನಿಮ್ಮಪ್ಪಂಗೆ ಗೊತ್ತಾಗ್ಬಾರ್ದು ಅಂತ ಆಣೆ ಹಾಕಿಸ್ಕೊಂಡ್ಳು." ವೈರನ್ನು ಅಪ್ಪನ ಅಂಗೈಗಿಟ್ಟಳು. "ಅರ್ಧ ಗಂಟೆ ಬಾಗಿಲು ಹಾಕ್ಕೊಂಡು ಅವಳು ಬರೀ ಒರೆಸ್ತಿದ್ಳು ಅಂದ್ಕೊಂಡಿದ್ಯಾ?"

ಎವಾರಿಸ್ತೊನ ಇನ್ನೊಂದು ಕೈಯಲ್ಲಿ ಇನ್ನೂ ಪ್ಲಗ್ಗಿತ್ತು. ಅದರ ಮುರಿದ ಕಡ್ಡಿಯ ಬುಡವನ್ನು ಹೆಬ್ಬೆರಳಿನಿಂದ ಸವರಿದ. ಜನ ಮತ್ತೆ ಸಿಳ್ಳೆ ಹಾಕತೊಡಗಿದರು. "ಮೇಸ್ತ್ರಿ, ಹಾಕಪ್ಪ ಅದನ್ನ, ನಮ್ಮ ಮರ್ಯಾದೆ ಉಳೀಲಿ" ಎಂದ ತಿಬುರ್ಸಿಯೊ, ಈಗ ಮೆತ್ತಗೆ. ಎವಾರಿಸ್ತೊ ತಾನೇ ಎದ್ದು ಪ್ಲಗ್ಗುಗಳನ್ನು ಒಂದೊಂದಾಗಿ ಚುಚ್ಚಿದ.

ಯಾನಿರಾ ತುಟಿಯನ್ನು ಮೈಕಿಗೆ ತಾಗಿಸಿ ಹಾಡಿದಳು. ಏನೂ ಆಗಲಿಲ್ಲ. ಬೇಸ್ ಒಂದಿಷ್ಟೂ ಗುಂಯ್‌ಗುಡದೆ, ನೆಲದೊಳಗಿಂದ ಬಂದಂತೆ ಸ್ವಚ್ಛವಾಗಿ ನುಡಿಯಿತು. ಅಷ್ಟು ಚೆನ್ನಾದ ಕೆಲಸವನ್ನು ಅವನು ಹಿಂದೆಂದೂ ಮಾಡಿರಲಿಲ್ಲ, ಆದರೂ ಅದರ ಕಡೆ ಅವನ ಕಿವಿಯಿರಲಿಲ್ಲ. ಕಪ್ಪು ವೈರನ್ನು ಬೆರಳಿಗೆ ಸುತ್ತಿಕೊಳ್ಳುತ್ತ, ಬಿಚ್ಚುತ್ತ ನಿಂತಿದ್ದ. ಮೂವತ್ತು ವರ್ಷ ಆ ಬಾಗಿಲಿನ ಹೊರಗೆ ನಿಂತು ರೇಗಿದ್ದ. ದಮಾರಿಸ್ ಒಂದು ದಿನವೂ ತಿರುಗಿ ಆಡಿರಲಿಲ್ಲ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು ಹೊರಗೆ ಬಂದು, "ತಗೊಳ್ಳಿ, ಈಗ ಕೊಡಬಹುದು" ಎನ್ನುತ್ತಿದ್ದಳು, ಅಷ್ಟೆ.